ಮೂರನೇ ಕಂತಿಗೇ ಮನಸ್ಸು ಹೇಳಿಕೊಂಡ ಮೇಲೆ

ಪ್ರಶ್ನೆ: ಮೊದಲ ಪಿಯುಸಿ ಓದುವ ಮಗಳ ಜೊತೆ ಕೂತು ‘ಒರೆ ಮೊನೊಗತಾರಿ’ ಎಂಬ ಜಪಾನಿ ಅನಿಮೆಯ (ಅನಿಮೇಷನ್ ಸರಣಿಯ) ಮೂರು ಕಂತು ನೋಡಿದೆ. ಹುಡುಗ ಬೆಟ್ಟದ ಹಾಗಿದ್ದಾನೆ, ಹುಡುಗಿ ಅವನ ಅಂಗೈಯಲ್ಲಿ ಕೂರುವಷ್ಟಿದ್ದಾಳೆ. ಇಂಥ ಜೋಡಿ ಉಂಟೇ ಅಂದುಕೊಳ್ಳುವಷ್ಟರಲ್ಲಿ ಇಬ್ಬರೂ ಒಪ್ಪಿಕೊಂಡೇಬಿಟ್ಟರು. ಒಟ್ಟು 24 ಕಂತು ಇವೆಯಂತೆ. ಉಳಿದ 21ರಲ್ಲಿ ನೋಡುವುದಕ್ಕೆ ಏನಿದೆ ಮೇಡಂ?
– ಗೃಹಿಣಿ, ಹಾಸನ

ನಿಮ್ಮ ಪತ್ರ ಓದಿದ ರಾತ್ರಿಯೇ ಮೊದಲ ನಾಲ್ಕು ಕಂತು ಮತ್ತೆ ಹಾಕಿಕೊಂಡು ಕೂತೆ. ನಾಲ್ಕು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನೀವು ಒಂದು ಕಂತು ಮೊದಲೇ ನಿಲ್ಲಿಸಿದ್ದೀರಿ.

ನಿಮ್ಮ ಅನುಮಾನ ನ್ಯಾಯವಾದದ್ದೇ. ಜಪಾನಿನ ಹೈಸ್ಕೂಲ್ ಪ್ರೇಮಕಥೆಗಳಲ್ಲಿ ‘ಕೊಕುಹಾಕು’ ಎಂಬುದು ದೊಡ್ಡ ಘಟ್ಟ. ಎದುರಿಗೆ ನಿಂತು ‘ನೀನು ನನಗೆ ಇಷ್ಟ’ ಎಂದು ಹೇಳಬೇಕು, ಅತ್ತಲಿಂದ ‘ಹೂಂ’ ಬರಬೇಕು. ಆಮೇಲೆಯೇ ಇಬ್ಬರೂ ಜೋಡಿ ಎಂದು ಲೆಕ್ಕ. ಆ ಒಂದು ಮಾತಿಗಾಗಿ ಹನ್ನೆರಡು ಕಂತು ಕಾಯಿಸುವ ಸರಣಿಗಳು ಬೇಕಾದಷ್ಟಿವೆ. ಇದು ಆ ಕಾಯುವಿಕೆಯ ಮೇಲೆ ನಿಂತ ಕಥೆಯಲ್ಲ. ಹೆಸರಲ್ಲೇ ಅದು ಗೊತ್ತಾಗುತ್ತದೆ. ‘ಮೊನೊಗತಾರಿ’ ಎಂದರೆ ಕಥೆ. ‘ಒರೆ’ ಎಂದರೆ ನಾನು, ಆದರೆ ಗಂಡಸರು ಸಲುಗೆಯಲ್ಲಿ, ಸ್ವಲ್ಪ ಒರಟಾಗಿ ಹೇಳುವ ‘ನಾನು’. ನಮ್ಮಲ್ಲಿ ಎಲ್ಲರಿಗೂ ಇರುವುದು ಒಂದೇ ‘ನಾನು’, ಹಾಗಾಗಿ ಆ ಒರಟುತನ ಕನ್ನಡಕ್ಕೆ ಬರುವುದಿಲ್ಲ. ‘ನನ್ನ ಕಥೆ!!’ ಎಂದು ಎರಡು ಆಶ್ಚರ್ಯಸೂಚಕ ಹಾಕಿ ಕೂಗಿದ ಹಾಗಿದೆ ಆ ಹೆಸರು.

ಯಾಕೆ ಕೂಗಬೇಕು? ಇದರ ಮೂಲ ಮಂಗಾ, ಅಂದರೆ ಚಿತ್ರಕಥೆ, ಬಂದದ್ದು ಹುಡುಗಿಯರಿಗೆಂದೇ ಇರುವ ‘ಬೆಸ್ಸತ್ಸು ಮಾರ್ಗರೆಟ್’ ಪತ್ರಿಕೆಯಲ್ಲಿ. ಕಥೆ ಕಜುನೆ ಕವಹಾರಾ ಅವರದು, ಚಿತ್ರ ಅರುಕೊ ಅವರದು, 13 ಸಂಪುಟ. ಅಂಥ ಪತ್ರಿಕೆಯ ನಾಯಕ ಹೇಗಿರುತ್ತಾನೆಂದು ನಿಮ್ಮ ಮಗಳನ್ನು ಕೇಳಿ. ತೆಳ್ಳಗೆ, ಉದ್ದ ರೆಪ್ಪೆ, ಕಡಿಮೆ ಮಾತು. ಅಂದರೆ ನೀವು ಬೆಟ್ಟದ ಹಾಗಿದ್ದಾನೆ ಎಂದ ಹುಡುಗ ತಕೆಯೊ ಇದ್ದಾನಲ್ಲ, ಅವನ ಪಕ್ಕದಲ್ಲಿರುವ ಗೆಳೆಯ ಸುನಾ. ಬೇರೆ ಯಾರೇ ಬರೆದಿದ್ದರೂ ಇದು ಸುನಾನ ಕಥೆಯಾಗುತ್ತಿತ್ತು, ತಕೆಯೊ ಅದರಲ್ಲಿ ಭಾರ ಎತ್ತುವ, ನಗಿಸುವ ಸ್ನೇಹಿತನಾಗಿ ಉಳಿಯುತ್ತಿದ್ದ. ಹೈಸ್ಕೂಲಿನ ಮೊದಲ ವರ್ಷಕ್ಕೇ, ನಮ್ಮ ಲೆಕ್ಕದಲ್ಲಿ ಹತ್ತನೇ ತರಗತಿಗೇ, ಎರಡು ಮೀಟರ್ ಎತ್ತರ, ಅಂದಾಜು 120 ಕೆ.ಜಿ. ತೂಕ ಇರುವ ಹುಡುಗನನ್ನು ತಂದು ನಡುವೆ ನಿಲ್ಲಿಸಿದ್ದೇ ಕವಹಾರಾ, ಅರುಕೊ ಇಬ್ಬರೂ ಮಾಡಿದ ಕೆಲಸ.

ಮೊದಲ ಎರಡು ಕಂತಿನಲ್ಲಿ ನನ್ನ ಹೊಟ್ಟೆಯಲ್ಲಿ ಸಂಕಟ ಎಬ್ಬಿಸಿದ್ದು ಯಾವುದು ಗೊತ್ತೆ? ತಕೆಯೊನ ದುಃಖವಲ್ಲ, ಅವನಿಗೆ ದುಃಖವೇ ಆಗದಿದ್ದದ್ದು. ಅಲ್ಲಿಯವರೆಗೆ ಅವನು ಇಷ್ಟಪಟ್ಟ ಹುಡುಗಿಯರೆಲ್ಲ ಸುನಾನನ್ನೇ ಇಷ್ಟಪಟ್ಟವರು. ಹಾಗಾಗಿ ರೈಲಿನಲ್ಲಿ ಅವನು ಕಾಪಾಡಿದ ಆ ಪುಟ್ಟ ಹುಡುಗಿ ಯಮಾತೊ ಕೈಯಾರೆ ತಿಂಡಿ ಮಾಡಿಕೊಂಡು ಬಂದು ಎದುರಿಗೆ ಕೂತಾಗ, ಇವಳೂ ಸುನಾನಿಗಾಗಿ ಬಂದವಳು ಎಂದು ಎರಡನೇ ಯೋಚನೆಯಿಲ್ಲದೆ ತೀರ್ಮಾನಿಸುತ್ತಾನೆ. ಅವರಿಬ್ಬರನ್ನು ಸೇರಿಸಲು ಮನಸಾರೆ ಓಡಾಡುತ್ತಾನೆ. ಅವಳ ಕೇಕ್ ತಿಂದು ರುಚಿಗೆ ಬೆರಗಾಗುವ ಹುಡುಗನಿಗೆ, ಅದನ್ನು ಮಾಡಿದ್ದು ತನಗೇ ಎಂಬುದು ಹೊಳೆಯುವುದಿಲ್ಲ.

ನನ್ನ ದೊಡ್ಡಣ್ಣ ಆರಡಿ ಮೂರಂಗುಲ. ಕಡೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಅನ್ನದ ಕೊಪ್ಪರಿಗೆ ಇಳಿಸಲು ಅವನೇ ಬೇಕಿತ್ತು. ಫೋಟೋ ಹೊತ್ತಿಗೆ ಮಾತ್ರ ‘ನೀನು ಹಿಂದೆ ನಿಂತ್ಕೊಳ್ಳಪ್ಪ, ಬೇರೆಯವರು ಕಾಣಲ್ಲ’ ಎನ್ನುವರು. ಅವನು ನಗುತ್ತಲೇ ಹಿಂದೆ ಹೋಗುತ್ತಿದ್ದ. ಆ ನಗು ನೋಡಿ ಅವನಿಗೆ ಏನೂ ಅನ್ನಿಸುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಈ ಅನಿಮೆ ನೋಡುವಾಗ ಆ ಹಳೆಯ ಫೋಟೋಗಳನ್ನು ನೆನೆದು ನನಗೆ ನಾಚಿಕೆಯಾಯಿತು.

ಇನ್ನು ಸುನಾ. ಅಷ್ಟು ಹುಡುಗಿಯರನ್ನು ಅವನೇಕೆ ಒಲ್ಲೆ ಎಂದ? ಅವರೆಲ್ಲ ತಕೆಯೊನ ಬಗ್ಗೆ ಕೆಟ್ಟದಾಗಿ ಮಾತಾಡಿದವರು, ಅದಕ್ಕೆ. ಇಷ್ಟು ವರ್ಷ ಅದನ್ನು ಗೆಳೆಯನಿಗೆ ಹೇಳಿರಲೂ ಇಲ್ಲ. ಮೊದಮೊದಲ ಕಂತುಗಳಲ್ಲೇ ಇವರ ಬಾಲ್ಯದ ಒಂದು ನಾಟಕದ ನೆನಪು ಬರುತ್ತದೆ. ಜಪಾನಿನ ಮಕ್ಕಳಿಗೆ ಚಿರಪರಿಚಿತವಾದ ಕೆಂಪು ದೈತ್ಯನ ಕಥೆ ಅದು. ಮನುಷ್ಯರ ಸ್ನೇಹ ಬೇಕೆಂದು ಹಂಬಲಿಸುವ ಕೆಂಪು ದೈತ್ಯನಿಗಾಗಿ ಅವನ ಗೆಳೆಯ ನೀಲಿ ದೈತ್ಯ ಊರಿನಲ್ಲಿ ದಾಂಧಲೆ ಮಾಡಿ, ಬೇಕೆಂದೇ ಅವನ ಕೈಲಿ ಪೆಟ್ಟು ತಿನ್ನುತ್ತಾನೆ. ಊರವರು ಕೆಂಪು ದೈತ್ಯನನ್ನು ನಂಬುತ್ತಾರೆ. ಗುಟ್ಟು ಬಯಲಾಗಬಾರದೆಂದು ನೀಲಿ ದೈತ್ಯ ಕಾಗದ ಬರೆದಿಟ್ಟು ದೂರ ಹೊರಟುಹೋಗುತ್ತಾನೆ. ಅದನ್ನು ಓದಿ ಕೆಂಪು ದೈತ್ಯ ಅಳುತ್ತಾನೆ. ತಕೆಯೊ ಕೆಂಪು, ಸುನಾ ನೀಲಿ. ಉಳಿದ ಕಂತುಗಳಲ್ಲಿ ಏನಿದೆ ಎಂದಿರಲ್ಲ, ಯಮಾತೊಳಷ್ಟೇ ಇವನೂ ಇದ್ದಾನೆ.

ಕೊರತೆಯನ್ನೂ ಹೇಳಬೇಕು. ಯಮಾತೊಳನ್ನು ತೀರಾ ಬೆಣ್ಣೆಯ ಗೊಂಬೆ ಮಾಡಿದ್ದಾರೆ. ತಿಂಡಿ ಮಾಡುವುದು, ನಾಚುವುದು, ಅಳುವುದು ಬಿಟ್ಟು ಅವಳ ಒಳಗು ಈ ಮೂರು ಕಂತಿನಲ್ಲಿ ತೆರೆಯುವುದಿಲ್ಲ. ತಕೆಯೊ ಅವಳನ್ನು ‘ಎಂಥ ಮುಗ್ಧೆ’ ಎಂದು ಎತ್ತರದಲ್ಲಿ ಕೂರಿಸಿದಾಗ, ‘ನಾನು ಅಷ್ಟೊಂದು ಮುಗ್ಧೆಯಲ್ಲ, ಅವನ ಕೈ ಹಿಡಿಯಬೇಕು ಅನ್ನಿಸುತ್ತದೆ’ ಎಂಬ ಅವಳ ಕಸಿವಿಸಿ ಮುಂದೆ ಬರುತ್ತದೆ. ಅಲ್ಲಿಂದ ನನಗೆ ಅವಳು ಹತ್ತಿರವಾದಳು. ಅಲ್ಲಿಯವರೆಗೆ ತಾಳ್ಮೆಯಿರಲಿ.

ಪ್ರಶ್ನೆ: ಜೋಡಿಯಾದ ಮೇಲೂ ಅವನು ಅವಳನ್ನು ಯಮಾತೊ ಎಂದೇ ಕರೆಯುತ್ತಾನೆ. ಅದು ಅವಳ ಮನೆತನದ ಹೆಸರಲ್ಲವೇ? ಪ್ರೀತಿಸುವವರು ಹಾಗೆ ಕರೆಯುತ್ತಾರೆಯೇ?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಹೌದು, ಅವಳ ಹೆಸರು ರಿಂಕೊ, ಮನೆತನ ಯಮಾತೊ. ಜಪಾನಿನಲ್ಲಿ ಸಹಪಾಠಿಗಳು ಮನೆತನದ ಹೆಸರಿನಿಂದ ಕರೆಯುವುದೇ ರೂಢಿ. ಸುನಾ ಎಂಬುದೂ ಸುನಾಕಾವಾ ಎಂಬ ಮನೆತನದ ಮೊಟಕು. ಅಷ್ಟು ಆಪ್ತನನ್ನೂ ತಕೆಯೊ ಕರೆಯುವುದು ಹಾಗೆಯೇ. ಯಮಾತೊ ಮಾತ್ರ ‘ತಕೆಯೊ-ಕುನ್’ (‘ಕುನ್’ ಎಂಬುದು ಹುಡುಗರ ಹೆಸರಿಗೆ ಹಚ್ಚುವ ಬಾಲ) ಎಂದು ಅವನ ಸ್ವಂತ ಹೆಸರು ಹಿಡಿದು ಕರೆಯುತ್ತಾಳೆ. ಇಬ್ಬರಲ್ಲಿ ಒಂದು ಹೆಜ್ಜೆ ಮುಂದಿಟ್ಟವಳು ಅವಳೇ, ಕೇಳಿಸಿಕೊಂಡಿರಾ? ನಮ್ಮ ಅಮ್ಮ ಅಪ್ಪನನ್ನು ಕೊನೆಯವರೆಗೂ ‘ರೀ’ ಎಂದೇ ಕರೆದರು. ಆ ಒಂದಕ್ಷರದಲ್ಲಿ ಎಷ್ಟು ಬಗೆಯ ಪ್ರೀತಿ, ಎಷ್ಟು ಬಗೆಯ ಸಿಟ್ಟು ಇರುತ್ತಿತ್ತೆಂದು ಮನೆಯವರಿಗಷ್ಟೇ ಗೊತ್ತಿತ್ತು.

ಇನ್ನೊಂದು ಮಾತು. ತಕೆಯೊ ಮನಸ್ಸಿನಲ್ಲೇ ಗುಡುಗುವ ‘ಸುಕಿ ದಾ!’ ಎಂಬುದಕ್ಕೆ ಇಂಗ್ಲಿಷ್ ಸಬ್‌ಟೈಟಲ್ ‘ಐ ಲವ್ ಯೂ’ ಎಂದು ಹಾಕಿದರೆ ಅದು ಕೊಂಚ ಭಾರವಾಗುತ್ತದೆ. ‘ಸುಕಿ’ ಎಂದರೆ ನಮ್ಮ ‘ಇಷ್ಟ’. ಮಾವಿನಹಣ್ಣಿಗೂ ಅದೇ, ಮನುಷ್ಯರಿಗೂ ಅದೇ. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ.

ಪ್ರಶ್ನೆ: ರೈಲಿನಲ್ಲಿ ಒಬ್ಬ ಹುಡುಗಿಯ ಮೈ ಮುಟ್ಟುತ್ತಾನೆ, ನಾಯಕ ಅವನನ್ನು ಹಿಡಿಯುತ್ತಾನೆ, ಅಲ್ಲಿಂದ ಪ್ರೀತಿ. ಇಂಥ ಆರಂಭ ನನಗೆ ಹಿಡಿಸಲಿಲ್ಲ. ನಿಮಗೆ?
– ಬ್ಯಾಂಕ್ ಉದ್ಯೋಗಿ, ಬೆಂಗಳೂರು

ನನಗೂ ಆ ದೃಶ್ಯ ಸುಲಭವಾಗಿ ನೋಡಲಾಗಲಿಲ್ಲ. ಜಪಾನಿನಲ್ಲಿ ಇದು ನಿತ್ಯದ ಪೀಡೆ. ಅದಕ್ಕೆ ‘ಚಿಕಾನ್’ ಎಂಬ ಬೇರೆ ಪದವೇ ಇದೆ. ಟೋಕಿಯೊದ ಕೇಯೊ ಮಾರ್ಗದಲ್ಲಿ 2001ರಲ್ಲಿ ಮಹಿಳೆಯರದೇ ಬೋಗಿ ಕಾಯಂ ಆದದ್ದು ಈ ಕಾರಣಕ್ಕೇ. ನಮ್ಮ ಮೆಟ್ರೊದ ಮಹಿಳಾ ಬೋಗಿ ಹತ್ತುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥದ್ದನ್ನು ಪ್ರೇಮಕ್ಕೆ ಮೆಟ್ಟಿಲು ಮಾಡಿಕೊಳ್ಳುವುದು ಬರೆಯುವವರಿಗೆ ಸಲೀಸಾದ ದಾರಿ ಎಂಬ ನಿಮ್ಮ ಮಾತು ಸರಿ.

ಆದರೂ ಒಂದು ಗಮನಿಸಿ. ಸಿಕ್ಕಿಬಿದ್ದವನು ತಪ್ಪನ್ನು ಅವಳ ಉಡುಪಿನ ಮೇಲೆ ಹಾಕಿದಾಗ ತಕೆಯೊ ತಡೆದುಕೊಳ್ಳಲಾರದೆ ಹೊಡೆಯುತ್ತಾನೆ. ಹೊಡೆತವನ್ನು ನಾನು ಹೊಗಳುತ್ತಿಲ್ಲ. ಅವನನ್ನು ಕೆರಳಿಸಿದ್ದು ಆ ಮಾತು ಎಂಬುದು ನನಗೆ ಮುಖ್ಯ. ಆಮೇಲೆ ಆ ಉಪಕಾರವನ್ನು ಅವನು ಒಮ್ಮೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ನಾನು ಕಾಪಾಡಿದೆ, ನೀನು ನನ್ನವಳಾಗು’ ಎಂಬ ನೆರಳೂ ಅವನ ಮನಸ್ಸಿನಲ್ಲಿಲ್ಲ. ಮುಂದೆಯೂ ಅವನ ಬಲ ತೋರಿಸಲೆಂದು ಅವಘಡಗಳನ್ನು ತಂದು ಪೇರಿಸುತ್ತಾರೆ, ಅದು ಅತಿಯಾಯಿತು. ಮೊರಿಯೊ ಅಸಕಾ ಒಳ್ಳೆಯ ನಿರ್ದೇಶಕರು. 2015ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ ಈ ಸರಣಿಯಲ್ಲಿ ಅವರೂ ಮ್ಯಾಡ್‌ಹೌಸ್ ಸ್ಟುಡಿಯೊದವರೂ ಸಣ್ಣ ಗಳಿಗೆಗಳನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆಂದರೆ, ಉರಿಯುವ ಕಟ್ಟಡ, ಬೀಳುವ ತೊಲೆ ಯಾವುದೂ ಬೇಕಿರಲಿಲ್ಲ.

ಪ್ರಶ್ನೆ: ನಾನು ಎರಡನೇ ಪಿಯುಸಿ. ತುಂಬಾ ದಪ್ಪ, ಎತ್ತರ. ಕ್ಲಾಸಿನಲ್ಲಿ ‘ಆನೆ’ ಅಂತಾರೆ. ತಕೆಯೊನನ್ನು ನೋಡಿ ಖುಷಿಯಾಯಿತು, ಆಮೇಲೆ ಇದು ಬರೀ ಕಥೆ ಅನ್ನಿಸಿ ಬೇಜಾರಾಯಿತು. ನಿಜವಾಗಿಯೂ ಯಮಾತೊ ಥರದವರು ಇರ್ತಾರಾ?
– ವಿದ್ಯಾರ್ಥಿ, ಮಂಡ್ಯ

ಇರುತ್ತಾರಪ್ಪ. ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ನೀನು ನಾಲ್ಕನೇ ಕಂತು ನೋಡು. ತಕೆಯೊ ಎಷ್ಟು ಚೆಂದ ಎಂದು ತೋರಿಸುವ ಆಸೆಯಿಂದ ಯಮಾತೊ ಗೆಳತಿಯರನ್ನು ಕರೆತರುತ್ತಾಳೆ. ಅವರು ಮರೆಯಲ್ಲಿ ಅವನ ರೂಪ ಹಿಡಿದು ನಗುತ್ತಾರೆ. ಅದು ಕಿವಿಗೆ ಬಿದ್ದಾಗ ಅವಳಿಗಾಗುವ ನೋವಿನಲ್ಲಿ ನಾಚಿಕೆ ಎಳ್ಳಷ್ಟೂ ಇಲ್ಲ. ಅವನು ಅವಳ ಕಣ್ಣಿಗೆ ನಿಜವಾಗಿಯೂ ಚೆಂದ. ಅದು ಉಳಿದವರಿಗೇಕೆ ಕಾಣುವುದಿಲ್ಲ ಎಂದು ಅವಳಿಗೆ ಅರ್ಥವೇ ಆಗುವುದಿಲ್ಲ. ಬೆಂಕಿಯ ದೃಶ್ಯ ಬರುವುದು ಆಮೇಲೆ. ನನ್ನ ಮಟ್ಟಿಗೆ ಆ ಕಂತು ಅಲ್ಲಿಗೇ ಗೆದ್ದಿತ್ತು. ಅದೇ 2015ರಲ್ಲಿ ಈ ಕಥೆ ಸಿನಿಮಾ ಆದಾಗ ರ್ಯೋಹೆ ಸುಜುಕಿ ಎಂಬ ನಟ ತಕೆಯೊ ಆಗಲೆಂದು 30 ಕೆ.ಜಿ. ತೂಕ ಹೆಚ್ಚಿಸಿಕೊಂಡ. ನಿನ್ನ ಕ್ಲಾಸಿನವರಿಗೆ ಇದನ್ನೂ ಹೇಳು.

ನಮ್ಮ ಅಣ್ಣನಿಗೆ ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಹುಡುಗಿಯ ಸೋದರತ್ತೆ, ‘ಇವನ ಪಕ್ಕ ನಿಂತರೆ ನಮ್ಮ ಹುಡುಗಿ ಮಗು ಥರ ಕಾಣ್ತಾಳೆ’ ಎಂದು ನಮಗೆ ಕೇಳಿಸುವ ಹಾಗೆಯೇ ಅಂದಿದ್ದರು. ವಾಪಸ್ ಬರುವಾಗ ಬೀರೂರು ಸ್ಟೇಷನ್ನಿನಲ್ಲಿ ಅಣ್ಣ ನಮಗೆಲ್ಲ ಮಂಡಕ್ಕಿ ಕೊಡಿಸಿದ, ತಾನು ತಿನ್ನಲಿಲ್ಲ. ಎರಡು ವರ್ಷದ ಮೇಲೆ ಮದುವೆಯಾಗಿ ಬಂದ ನಮ್ಮ ಅತ್ತಿಗೆ ಆ ಹುಡುಗಿಗಿಂತಲೂ ಗಿಡ್ಡ. ಮದುವೆಯ ಫೋಟೋ ತೆಗೆಯುವಾಗ ಸ್ಟುಡಿಯೊದವನು ಎತ್ತರ ಸರಿಹೋಗಲೆಂದು ಅವರಿಗೆ ನಿಲ್ಲಲು ಒಂದು ಮಣೆ ತಂದಿಟ್ಟ. ಅತ್ತಿಗೆ ಅದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ ಅಣ್ಣನ ತೋಳು ಹಿಡಿದುಕೊಂಡರು. ಆ ಫೋಟೋ ಈಗಲೂ ಅವರ ಮನೆಯ ನಡುಮನೆಯಲ್ಲಿದೆ. ಅದರಲ್ಲಿ ಅತ್ತಿಗೆಯ ತಲೆ ಅಣ್ಣನ ಅಂಗಿಯ ಮೂರನೇ ಗುಂಡಿಗೆ ಬರುತ್ತದೆ.