ಮುಟ್ಟು ಮತ್ತು ಮೈಗ್ರೇನ್: ಮತ್ತೆ ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಪ್ರತಿ ಬಾರಿ ಮುಟ್ಟಿಗೆ ಎರಡು ದಿನ ಇರುವಾಗ ಅರ್ಧ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಹಾರ್ಮೋನು ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ. ಇದು ಮನಸ್ಸಿನ ಕಾಯಿಲೆಯೇ?

ಉತ್ತರ: ಅಲ್ಲ. ಹಾಗೆಂದವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಪರೀಕ್ಷೆಗೆ ಕೊಟ್ಟ ದುಡ್ಡೂ ದಂಡ. ಮುಟ್ಟಿಗೆ ಮುನ್ನ ಈಸ್ಟ್ರೊಜೆನ್ ಎಂಬ ಹಾರ್ಮೋನು ಎಲ್ಲರಲ್ಲೂ ಇಳಿಯುತ್ತದೆ. ಮೈಗ್ರೇನ್ ಇರುವವರ ಮಿದುಳಿಗೆ ಆ ಇಳಿತ ತಡೆಯುವುದಿಲ್ಲ, ಅಷ್ಟೆ. 1972ರಲ್ಲಿ ಸಾಮರ್ವಿಲ್ ಎಂಬ ಸಂಶೋಧಕರು ಇಂಥ ಮಹಿಳೆಯರಿಗೆ ಮುಟ್ಟಿಗೆ ಮೊದಲು ಈಸ್ಟ್ರಡಯಾಲ್ (ಈಸ್ಟ್ರೊಜೆನ್‌ನದೇ ಒಂದು ಬಗೆ) ಚುಚ್ಚುಮದ್ದು ಕೊಟ್ಟರು. ಸ್ರಾವ ಹೊತ್ತಿಗೆ ಸರಿಯಾಗಿ ಬಂತು, ತಲೆನೋವು ಮಾತ್ರ ಮುಂದಕ್ಕೆ ಹೋಯಿತು. ‘ಕೆಟ್ಟ ರಕ್ತ ತಲೆಗೇರುತ್ತದೆ’ ಎಂದು ಔಷಧಿ ಮಾರುವವರು ಇದಕ್ಕೇನು ಹೇಳುತ್ತಾರೋ!

ಸ್ಕ್ಯಾನ್ ವರದಿಗಳ ಕಟ್ಟು ಹೊತ್ತು ಬರುವವರಲ್ಲಿ ದಿನಚರಿ ಬರೆದು ತರುವವರು ವಿರಳ. ನನಗೆ ಬೇಕಿರುವುದು ಅದೇ. ಸ್ರಾವ ಶುರುವಾದ ದಿನ ಒಂದನೆಯದು. ಅದಕ್ಕೆ ಎರಡು ದಿನ ಮೊದಲಿನಿಂದ ಮೂರನೆಯ ದಿನದವರೆಗಿನ ಅವಧಿಯಲ್ಲಿ, ಮೂರು ಋತುಚಕ್ರಗಳ ಪೈಕಿ ಎರಡರಲ್ಲಾದರೂ ಮೈಗ್ರೇನ್ ಬಂದರೆ ನಂಟು ಖಚಿತ. ನೋವಿನ ಜೊತೆಗೆ ಯಾವ ಮಾತ್ರೆ, ಎಷ್ಟು ಗಂಟೆಗೆ ನುಂಗಿದಿರಿ ಎಂಬುದನ್ನೂ ಬರೆಯಿರಿ. ‘ತಡೆದುಕೊಂಡು ನೋಡಿದೆ, ಆಗದಿದ್ದಾಗ ನುಂಗಿದೆ’ ಎಂಬುದು ಶೌರ್ಯವಲ್ಲ. ಮೈಗ್ರೇನ್ ಜೋರಾದರೆ ಜಠರದ ಚಲನೆ ನಿಧಾನವಾಗುತ್ತದೆ, ಮಾತ್ರೆ ಅಲ್ಲೇ ಕೂರುತ್ತದೆ. ಮುಟ್ಟು ಕ್ರಮವಾಗಿದ್ದರೆ ನೋವುನಿವಾರಕ ನ್ಯಾಪ್ರೊಕ್ಸೆನ್ ಅಥವಾ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಗುಂಪಿನ ಫ್ರೊವಾಟ್ರಿಪ್ಟಾನ್‌ನಂಥದ್ದನ್ನು ಎರಡು ದಿನ ಮೊದಲೇ ಆರಂಭಿಸಿ ಕೆಲವು ದಿನ ಕೊಡುವುದುಂಟು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ಗರ್ಭಧಾರಣೆಯ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ನಾನಂತೂ ಇಲ್ಲಿ ಪ್ರಮಾಣ ಬರೆಯುವುದಿಲ್ಲ. ಟ್ರಿಪ್ಟಾನ್ ನುಂಗುವುದು ತಿಂಗಳಿಗೆ 10 ದಿನ ಅಥವಾ ಸಾಮಾನ್ಯ ನೋವುನಿವಾರಕ ನುಂಗುವುದು 15 ದಿನ ತಲುಪಿ ಹಾಗೆಯೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರುತ್ತದೆ.

ಪ್ರಶ್ನೆ: ಗರ್ಭಕೋಶ ತೆಗೆಸಿದರೆ ವಾಸಿಯಾಗುವುದೇ?

ಉತ್ತರ: ಇಲ್ಲ. ತಲೆನೋವಿಗೆಂದು ಗರ್ಭಕೋಶಕ್ಕೆ ಕತ್ತರಿ ಹಾಕುತ್ತೇನೆ ಎನ್ನುವವರಿಂದ ದೂರವಿರಿ.

ಪ್ರಶ್ನೆ: ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕು ಬೆಳಕು ಕಾಣುತ್ತದೆ. ಗೆಳತಿ ನುಂಗುವ ಗರ್ಭನಿರೋಧಕ ಮಾತ್ರೆ ನಾನೂ ನುಂಗಬಹುದೇ?

ಉತ್ತರ: ಅದರಲ್ಲಿ ಈಸ್ಟ್ರೊಜೆನ್ ಇದ್ದರೆ ಖಂಡಿತ ಬೇಡ. ಬೆಳಕು ಕಾಣುವ ಮೈಗ್ರೇನ್ ಇರುವವರಿಗೆ ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಈಸ್ಟ್ರೊಜೆನ್ ಇಲ್ಲದ ಮಾತ್ರೆಗಳಿವೆ, ಸ್ತ್ರೀರೋಗ ತಜ್ಞರನ್ನು ಕೇಳಿ.

ಪ್ರಶ್ನೆ: ನಿನ್ನೆ ಹಠಾತ್ತನೆ ಹಿಂದೆಂದೂ ಕಾಣದಂಥ ತಲೆನೋವು ಬಂತು, ಮಾತು ತೊದಲಿತು. ಮುಟ್ಟಿನದೇ ಇರಬಹುದೇ?

ಉತ್ತರ: ಪತ್ರ ಬರೆಯುತ್ತ ಕೂರುವ ಹೊತ್ತೇ ಇದು? ಈಗಲೇ ಆಸ್ಪತ್ರೆಗೆ ಹೋಗಿ.