ಓದುಗರ ಪ್ರಶ್ನೆ: 96 ಕಿಲೋಹರ್ಟ್ಸ್‌ನಲ್ಲೇ ಮಿಕ್ಸ್ ಮಾಡಬೇಕೆ?

ಪ್ರಶ್ನೆ: ಮನೆಯಲ್ಲೇ ಭಾವಗೀತೆಗಳನ್ನು ಧ್ವನಿಮುದ್ರಿಸಿ ಮಿಕ್ಸ್ ಮಾಡುತ್ತೇನೆ. ಗುಣಮಟ್ಟ ಚೆನ್ನಾಗಿರಲೆಂದು ಎಲ್ಲವನ್ನೂ 96 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ ಇಟ್ಟುಕೊಂಡಿದ್ದೇನೆ. ಟ್ರ್ಯಾಕ್‌ಗಳು ನಲವತ್ತರ ಹತ್ತಿರ ಬಂದು, ರಿವರ್ಬ್, ಕಂಪ್ರೆಸರ್‌ಗಳನ್ನು ಹಾಕತೊಡಗಿದೊಡನೆ ಪಟಪಟ ಸದ್ದು ಬರುತ್ತದೆ; ಕೆಲವೊಮ್ಮೆ ಹಾಡು ನಡುವೆಯೇ ನಿಂತುಬಿಡುತ್ತದೆ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಪ್ರೊಸೆಸರ್ ಬಳಕೆ ಅರ್ಧವನ್ನೂ ಮುಟ್ಟಿರುವುದಿಲ್ಲ. 48ಕ್ಕೆ ಇಳಿಸಿದರೆ ಧ್ವನಿ ಕೆಡುತ್ತದೆಯೆ? ಹೊಸ ಕಂಪ್ಯೂಟರ್ ಕೊಳ್ಳಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಸ ಕಂಪ್ಯೂಟರಿಗೆ ಹಣ ಹೊಂದಿಸುವ ಮೊದಲು ಮುಂದಿನ ಹಾಡನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಆರಂಭಿಸಿ ನೋಡಿ. ಧ್ವನಿ ಕೆಡುವುದಿಲ್ಲ. ಸ್ಯಾಂಪಲ್ ರೇಟ್ ಎಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದು ದಾಖಲಿಸುತ್ತೇವೆ ಎಂಬ ಲೆಕ್ಕ; ಆ ಒಂದೊಂದು ಅಳತೆಯೇ ಸ್ಯಾಂಪಲ್. ಯಾವುದೇ ಸ್ಯಾಂಪಲ್ ರೇಟ್ ತನ್ನ ಅರ್ಧದಷ್ಟು ಕಂಪನಾಂಕದವರೆಗಿನ ನಾದವನ್ನು ಪೂರ್ಣವಾಗಿ ಹಿಡಿದಿಡಬಲ್ಲದು. ಅಂದರೆ 48ರಲ್ಲಿ ಸುಮಾರು 24 ಕಿಲೋಹರ್ಟ್ಸ್‌ವರೆಗೆ. ಎಳೆಯ, ಆರೋಗ್ಯವಂತ ಕಿವಿಗೂ ಕೇಳಿಸುವ ಮಿತಿ 20ರ ಆಸುಪಾಸು, ವಯಸ್ಸಾದಂತೆ ಅದು ಇನ್ನೂ ಕೆಳಗಿಳಿಯುತ್ತದೆ.

ಇತ್ತ 96ರಲ್ಲಿ ಪ್ರತಿ ಪ್ಲಗ್‌ಇನ್ (ರಿವರ್ಬ್, ಕಂಪ್ರೆಸರ್‌ನಂತೆ ಧ್ವನಿಯನ್ನು ಮಾರ್ಪಡಿಸುವ ಸಣ್ಣ ತಂತ್ರಾಂಶ) ಸೆಕೆಂಡಿಗೆ 48,000ದ ಬದಲು 96,000 ಸ್ಯಾಂಪಲ್‌ಗಳನ್ನು ಲೆಕ್ಕ ಹಾಕಬೇಕಾಗುವುದರಿಂದ ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಡಿಸ್ಕಿನ ಕಥೆಯೂ ಅಷ್ಟೆ: ಐದು ನಿಮಿಷದ ಹಾಡಿನ ನಲವತ್ತು ಮೋನೊ ಟ್ರ್ಯಾಕ್‌ಗಳು 24 ಬಿಟ್, 48ರಲ್ಲಿ ಸುಮಾರು 1.7 ಜಿಬಿ ಆದರೆ 96ರಲ್ಲಿ 3.5 ಜಿಬಿ ಆಗುತ್ತವೆ.

ಟಾಸ್ಕ್ ಮ್ಯಾನೇಜರಿನ ಅಂಕಿ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. ಅದು ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಎಲ್ಲ ಕೋರ್‌ಗಳ ಸರಾಸರಿಯನ್ನು ತೋರಿಸುತ್ತದೆ. ಧ್ವನಿಗೆ ಬೇಕಾದದ್ದು ಸರಾಸರಿಯಲ್ಲ, ಸಮಯಪಾಲನೆ. ಬಫರ್ (ಒಂದು ಕಂತಿನಲ್ಲಿ ಲೆಕ್ಕಕ್ಕೆ ಹೋಗುವ ಸ್ಯಾಂಪಲ್‌ಗಳ ಗುಂಪು) 256 ಸ್ಯಾಂಪಲ್ ಎಂದಿಟ್ಟಿದ್ದರೆ 48ರಲ್ಲಿ ಒಂದೊಂದು ಕಂತಿನ ಲೆಕ್ಕ ಮುಗಿಸಲು 5.3 ಮಿಲಿಸೆಕೆಂಡ್ ಸಿಗುತ್ತದೆ, 96ರಲ್ಲಿ ಬರೀ 2.7. ಆ ಗಡುವು ಒಮ್ಮೆ ತಪ್ಪಿದರೂ ಸಾಕು, ಪಟ್ ಎಂಬ ಸದ್ದು. ಒಂದೇ ಟ್ರ್ಯಾಕಿನ ಮೇಲೆ ಸಾಲಾಗಿ ಕೂರಿಸಿದ ಪ್ಲಗ್‌ಇನ್‌ಗಳಲ್ಲಿ ಹಿಂದಿನದರ ಫಲಿತಾಂಶ ಬರುವವರೆಗೆ ಮುಂದಿನದು ಕಾಯಲೇಬೇಕಾದ್ದರಿಂದ ಆ ಸಾಲಿನ ಭಾರವೆಲ್ಲ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಅನ್ನ ಬಡಿಸುವವನೊಬ್ಬ ಹಿಂದುಳಿದರೆ ಸಾರಿನವನು ಕೈಯಲ್ಲಿ ಸೌಟು ಹಿಡಿದು ನಿಂತಿರಬೇಕಾದ ಪರಿಸ್ಥಿತಿ ಇದು. ಮಾಸ್ಟರ್ ಟ್ರ್ಯಾಕಿನ ಮೇಲೆ ಐದಾರು ಪ್ಲಗ್‌ಇನ್ ಹೇರಿದವರಿಗೆ ಈ ತೊಂದರೆ ಬೇಗ ಎದುರಾಗುತ್ತದೆ.

ಆದ್ದರಿಂದ ಮಿಕ್ಸಿಂಗ್ ಶುರುವಾದ ಮೇಲೆ ಬಫರನ್ನು 1024ಕ್ಕೋ 2048ಕ್ಕೋ ಏರಿಸಿಕೊಳ್ಳಿ. ಗಾಯಕರು ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿರುವಾಗ ಮಾತ್ರ ವಿಳಂಬ ಕಡಿಮೆಯಿರಬೇಕು. ಮಿಕ್ಸ್ ಮಾಡುವಾಗ ಇಪ್ಪತ್ತು ಮಿಲಿಸೆಕೆಂಡ್ ತಡವಾದರೆ ಯಾರಿಗೂ ನಷ್ಟವಿಲ್ಲ. ಹತ್ತು ಟ್ರ್ಯಾಕಿಗೆ ಹತ್ತು ರಿವರ್ಬ್ ಹಾಕುವ ಬದಲು ಒಂದೇ ರಿವರ್ಬನ್ನು ಬೇರೆ ಟ್ರ್ಯಾಕಿನಲ್ಲಿಟ್ಟು ಎಲ್ಲವನ್ನೂ ಅದಕ್ಕೆ ಸೆಂಡ್ ಮಾಡಿ. ಇದರಿಂದ ವಾದ್ಯಗಳೆಲ್ಲ ಒಂದೇ ಕೋಣೆಯಲ್ಲಿ ನುಡಿದಂತೆ ಕೇಳಿಸುವ ಲಾಭವೂ ಇದೆ. ಕೆಲಸ ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಪ್ಲಗ್‌ಇನ್‌ಗಳ ಫಲಿತಾಂಶವನ್ನು ಧ್ವನಿಯಾಗಿಯೇ ಉಳಿಸಿಟ್ಟು ಮತ್ತೆ ಮತ್ತೆ ಲೆಕ್ಕ ಹಾಕುವುದನ್ನು ತಪ್ಪಿಸಿ.

ಹಾಗಾದರೆ 96ಕ್ಕೆ ಅರ್ಥವೇ ಇಲ್ಲವೆ ಎಂದರೆ, ಇದೆ. ಆದರೆ ಜನ ಹೇಳುವ ಕಾರಣಕ್ಕಲ್ಲ. ಧ್ವನಿಯ ಅಲೆಯ ಆಕಾರವನ್ನೇ ಬದಲಿಸುವ ಸ್ಯಾಚುರೇಶನ್, ಡಿಸ್ಟಾರ್ಶನ್, ವೇಗವಾಗಿ ಅದುಮುವ ಲಿಮಿಟರ್ ಇವು ಮೂಲದಲ್ಲಿಲ್ಲದ ಮೇಲಿನ ಕಂಪನಾಂಕಗಳನ್ನು ಹುಟ್ಟಿಸುತ್ತವೆ. ಗೆಜ್ಜೆಯ ಸದ್ದಿನಲ್ಲಿ 7 ಕಿಲೋಹರ್ಟ್ಸ್‌ನ ಅಂಶವೊಂದಿದೆ ಎನ್ನೋಣ. ಸ್ಯಾಚುರೇಶನ್‌ಗೆ ಒಳಗಾದಾಗ ಅದರ ಐದು ಮತ್ತು ಏಳು ಪಟ್ಟಿನ 35 ಮತ್ತು 49 ಕಿಲೋಹರ್ಟ್ಸ್ ಹುಟ್ಟುತ್ತವೆ. 48ರ ಪ್ರಾಜೆಕ್ಟಿನಲ್ಲಿ ಅವಕ್ಕೆ ಜಾಗವಿಲ್ಲದೆ, 35 ಮಡಚಿಕೊಂಡು 13ಕ್ಕೂ 49 ನೇರವಾಗಿ 1 ಕಿಲೋಹರ್ಟ್ಸ್‌ಗೂ ಬಂದು ಕೂರುತ್ತವೆ, ಅಂದರೆ ಗಾಯಕರ ದನಿ ಇರುವ ಜಾಗಕ್ಕೇ. ಅಲಿಯಾಸಿಂಗ್ ಎನ್ನುವುದು ಇದನ್ನೇ. 96ರಲ್ಲಿ 35 ತನ್ನ ಜಾಗದಲ್ಲೇ ಉಳಿಯುತ್ತದೆ, 49 ಮಡಚಿದರೂ 47ಕ್ಕೆ ಬೀಳುತ್ತದೆ. ಎರಡೂ ಕಿವಿಗೆ ನಿಲುಕುವುದಿಲ್ಲ.

ಆದರೆ ಎರಡು ಪ್ಲಗ್‌ಇನ್‌ಗಳ ಸಮಸ್ಯೆಗೆ ನಲವತ್ತು ಟ್ರ್ಯಾಕ್‌ಗಳನ್ನೂ ದಂಡಿಸುವುದು ನನಗೆ ದುಂದುವೆಚ್ಚವಾಗಿ ಕಾಣುತ್ತದೆ. ಇಂಥ ಅನೇಕ ಪ್ಲಗ್‌ಇನ್‌ಗಳಲ್ಲಿ ಓವರ್‌ಸ್ಯಾಂಪ್ಲಿಂಗ್ ಎಂಬ ಆಯ್ಕೆ ಇರುತ್ತದೆ. ಅದನ್ನು ನಾಲ್ಕು ಪಟ್ಟಿಗೆ ಇಟ್ಟರೆ 48ರ ಪ್ರಾಜೆಕ್ಟಿನಲ್ಲೂ ಆ ಒಂದು ಪ್ಲಗ್‌ಇನ್ ಒಳಗೊಳಗೆ 192ರಲ್ಲಿ ಲೆಕ್ಕ ಮಾಡಿ, ಅನಗತ್ಯವಾದದ್ದನ್ನು ಸೋಸಿ ಹೊರಗೆ 48ನ್ನೇ ಕೊಡುತ್ತದೆ. ರೆಂಡರ್ ಮಾಡುವಾಗ, ಅಂದರೆ ಮಿಕ್ಸನ್ನು ಅಂತಿಮ ಫೈಲಾಗಿ ಉಳಿಸುವಾಗ, ಮಾತ್ರ ಓವರ್‌ಸ್ಯಾಂಪ್ಲಿಂಗ್ ನಡೆಯುವಂತೆ ಇಡುವ ಸೌಲಭ್ಯವಿದ್ದರೆ ಇನ್ನೂ ಅನುಕೂಲ; ರೆಂಡರಿಗೆ ಗಡುವಿಲ್ಲ, ಕಂಪ್ಯೂಟರ್ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಬಹುದು. ವಾಲ್ಯೂಮ್, ಪ್ಯಾನ್, ಸಾಮಾನ್ಯ ಈಕ್ವಲೈಸರ್‌ಗಳಿಗೆ ಇದಾವುದೂ ಬೇಡ. ಮುದ್ರಿಸಿದ ಸದ್ದನ್ನು ಅರ್ಧ ವೇಗಕ್ಕೆ ಎಳೆದು ಪರಿಣಾಮ ಸೃಷ್ಟಿಸುವವರಿಗೆ 96 ನಿಜವಾಗಿಯೂ ಉಪಯುಕ್ತ. ಭಾವಗೀತೆಗೆ ಆ ಅಗತ್ಯ ಬರುವುದು ಅಪರೂಪ.

ಪ್ರಶ್ನೆ: ಹಳೆಯ 44.1ರ ತಂಬೂರಿ ಧ್ವನಿಯನ್ನು 48ರ ಪ್ರಾಜೆಕ್ಟಿಗೆ ಹಾಕಿದಾಗ ಶ್ರುತಿಯೇ ಏರಿಹೋಯಿತು. ಯಾಕೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸೆಕೆಂಡಿಗೆ 44,100ರಂತೆ ಓದಬೇಕಾದ ಸ್ಯಾಂಪಲ್‌ಗಳನ್ನು ನಿಮ್ಮ ತಂತ್ರಾಂಶ 48,000ದಂತೆ ಓದಿದೆ. ಹೀಗಾದಾಗ ಧ್ವನಿ ವೇಗವಾಗುವುದಲ್ಲದೆ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. 44.1 ಎಂಬ ಈ ವಿಚಿತ್ರ ಸಂಖ್ಯೆ, ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನಲ್ಲಿ ಶೇಖರಿಸುತ್ತಿದ್ದ ಕಾಲದ್ದು: ಗೆರೆಗೆ 3 ಸ್ಯಾಂಪಲ್, ಫೀಲ್ಡಿಗೆ 245 ಗೆರೆ, ಸೆಕೆಂಡಿಗೆ 60 ಫೀಲ್ಡ್. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಅದನ್ನೇ ಉಳಿಸಿಕೊಂಡಿತು. 48,000 ಮಾತ್ರ 24, 25, 30 ಫ್ರೇಮುಗಳಿಗೆ ಶೇಷವಿಲ್ಲದೆ ಭಾಗವಾಗುವುದರಿಂದ ಚಿತ್ರದ ಜೊತೆ ಹೋಗುವ ಹಾಡಿಗೆ ಅದೇ ವಾಸಿ. ಪ್ರಾಜೆಕ್ಟಿನ ದರವನ್ನು ಮೊದಲೇ ನಿಗದಿಮಾಡಿ, ಫೈಲನ್ನು ಒಳಗೆ ತರುವಾಗಲೇ ಪರಿವರ್ತಿಸುವ ಆಯ್ಕೆಯನ್ನು ಆರಿಸಿಕೊಳ್ಳಿ. ಆಡಿಯೊ ಇಂಟರ್‌ಫೇಸಿನ ದರವೂ ಅದೇ ಇದೆಯೆ ಎಂದು ಒಮ್ಮೆ ನೋಡಿ.