ಓದುಗರ ಪ್ರಶ್ನೆ: ಮೂಲೆಯ ನಕ್ಷತ್ರಗಳು ಬಾಗುವುದೇಕೆ?

ಪ್ರಶ್ನೆ: ನನ್ನದು 130 ಮಿ.ಮೀ. ಕನ್ನಡಿಯ, 650 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪು, ಮೋಟಾರಿನ ಆಲ್ಟ್-ಅಜಿಮತ್ ಮೌಂಟ್ (ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಸ್ಟ್ಯಾಂಡು). ಜನವರಿ ಮೊದಲ ವಾರ ರಾತ್ರಿ 11ಕ್ಕೆ ಮಹಾವ್ಯಾಧ ನೀಹಾರಿಕೆಯನ್ನು 30 ಸೆಕೆಂಡಿನ ಫ್ರೇಮುಗಳಲ್ಲಿ ತೆಗೆದೆ. ನಡುವಿನ ನಕ್ಷತ್ರಗಳು ಚುಕ್ಕಿ, ಮೂಲೆಯವು ಬಿಲ್ಲು. ಮೌಂಟ್ ಕೆಟ್ಟಿದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೌಂಟ್ ಚೆನ್ನಾಗಿಯೇ ಇದೆ, ಹೊತ್ತು ತಪ್ಪಿದೆ. ಈ ಬಗೆಯ ಮೌಂಟ್ ನೀಹಾರಿಕೆಯನ್ನು ನಡುವೆ ಹಿಡಿದಿಡುತ್ತದೆ, ಆದರೆ ಆಕಾಶದ ಜೊತೆ ಕ್ಯಾಮೆರಾವನ್ನು ತಿರುಗಿಸುವುದಿಲ್ಲ. ಹಾಗಾಗಿ ಚಿತ್ರ ತನ್ನ ನಡುವಿನ ಸುತ್ತ ಗಿರಕಿ ಹೊಡೆಯುತ್ತದೆ; ಇದೇ ಫೀಲ್ಡ್ ರೊಟೇಷನ್. ರಾತ್ರಿ 11ಕ್ಕೆ ನೀಹಾರಿಕೆ ದಕ್ಷಿಣದಲ್ಲಿ 72 ಡಿಗ್ರಿ ಎತ್ತರಕ್ಕೆ ಏರಿರುತ್ತದೆ. ಆಗ ಗಿರಕಿಯ ವೇಗ ಗಂಟೆಗೆ ಸುಮಾರು 48 ಡಿಗ್ರಿ. ನಡುವಿನಿಂದ 3000 ಪಿಕ್ಸೆಲ್ ದೂರದ ನಕ್ಷತ್ರ 30 ಸೆಕೆಂಡಿನಲ್ಲಿ 20 ಪಿಕ್ಸೆಲ್ ಎಳೆದುಕೊಳ್ಳುತ್ತದೆ. ಅದೇ ನೀಹಾರಿಕೆ ಸಂಜೆ 7.20ರ ಸುಮಾರಿಗೆ ಪೂರ್ವದಲ್ಲಿ 30 ಡಿಗ್ರಿ ಎತ್ತರದಲ್ಲಿದ್ದಾಗ ವೇಗ ಗಂಟೆಗೆ ಬರೀ 4 ಡಿಗ್ರಿ, ಎಳೆತ 2 ಪಿಕ್ಸೆಲ್ ಒಳಗೆ. ನೆತ್ತಿಯ ಮೇಲೆ ಬರಲೆಂದು ಕಾಯುವುದು ನೋಡುವವರಿಗೆ ಸರಿ, ನಿಮಗಲ್ಲ.

7.30ರಿಂದ 8.30ರೊಳಗೆ 15 ಸೆಕೆಂಡಿನ 200 ಫ್ರೇಮ್ ತೆಗೆಯಿರಿ: ರಾ ಫೈಲ್, ಐಎಸ್‌ಓ 1600. ನೀಹಾರಿಕೆಯ ನಡುಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೆಂದೇ 2 ಸೆಕೆಂಡಿನ 30 ಫ್ರೇಮ್ ಬೇರೆ ಇರಲಿ. ಮುಗಿದ ಕೂಡಲೇ ಮುಚ್ಚಳ ಹಾಕಿ ಅದೇ 15 ಸೆಕೆಂಡಿನ 30 ಡಾರ್ಕ್ (ಸೆನ್ಸರಿನ ಗದ್ದಲ ಕಳೆಯಲು ತೆಗೆಯುವ ಕತ್ತಲೆ ಫ್ರೇಮ್). ಫ್ಲ್ಯಾಟ್‌ಗೆ (ಅಂಚಿನ ಮಬ್ಬು, ಧೂಳಿನ ಕಲೆ ಕಳೆಯಲು ತೆಗೆಯುವ ಬಿಳಿ ಫ್ರೇಮ್) ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕೊಳವೆಯ ಬಾಯಿಗೆ ಸುಕ್ಕಿಲ್ಲದಂತೆ ಬಿಗಿದು ಸಮನಾದ ಬೆಳಕಿಗೆ ಹಿಡಿದರೆ ಸಾಕು, ಆದರೆ ಅಲ್ಲಿಯವರೆಗೆ ಫೋಕಸ್ ಮುಟ್ಟಬೇಡಿ, ಕ್ಯಾಮೆರಾ ಬಿಚ್ಚಬೇಡಿ. ಫ್ರೇಮುಗಳನ್ನು ಒಂದಾಗಿ ಪೇರಿಸುವ ತಂತ್ರಾಂಶ ಡೀಪ್‌ಸ್ಕೈಸ್ಟ್ಯಾಕರ್ ಉಚಿತ, ಫ್ರೇಮಿನಿಂದ ಫ್ರೇಮಿಗೆ ಆದ ತಿರುಗುವಿಕೆಯನ್ನು ಅದು ಸರಿಪಡಿಸುತ್ತದೆ, ಒಂದೇ ಫ್ರೇಮಿನೊಳಗಿನದನ್ನು ಅಲ್ಲ.

ಇಷ್ಟಾದರೂ ಅಂಚಿನ ನಕ್ಷತ್ರಗಳಿಗೆ ಹೊರಮುಖವಾಗಿ ಬಾಲ ಉಳಿದರೆ ಅದು ಕೋಮಾ, ಎಫ್/5 (ಫೋಕಲ್ ಲೆಂತ್ ಕನ್ನಡಿಯ ಅಗಲದ ಐದು ಪಟ್ಟು) ಕನ್ನಡಿಯ ಹುಟ್ಟುಗುಣ. ಎಕ್ಸ್‌ಪೋಷರ್ ಕಡಿಮೆ ಮಾಡಿದರೆ ಹೋಗದು. ಕೋಮಾ ಕರೆಕ್ಟರ್ ಲೆನ್ಸ್ ಬೇಕು, ಇಲ್ಲವೇ ಅಂಚು ಕತ್ತರಿಸಿ.

ಪ್ರಶ್ನೆ: ಐಪೀಸಿನಲ್ಲಿ ಚಂದ್ರ ಸ್ಪಷ್ಟ. ಡಿಎಸ್ಎಲ್ಆರ್ ಹಾಕಿದರೆ ಫೋಕಸರ್ ಪೂರ್ತಿ ಒಳಗೆ ಹೋದರೂ ಮಸುಕು.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ ಸೇರಿ ಸೆನ್ಸರ್ 55 ಮಿ.ಮೀ. ಹಿಂದೆ ಕೂರುತ್ತದೆ, ಬೆಳಕು ಅದಕ್ಕೂ ಮೊದಲೇ ಕೂಡಿಬಿಡುತ್ತದೆ. 2ಎಕ್ಸ್ ಬಾರ್ಲೋ (ಫೋಕಲ್ ಲೆಂತ್ ಇಮ್ಮಡಿಸುವ ಲೆನ್ಸ್) ಹಾಕಿದರೆ ಫೋಕಸ್ ಸಿಗುತ್ತದೆ, ಆದರೆ ಎಫ್/5 ಹೋಗಿ ಎಫ್/10 ಆಗಿ ನಾಲ್ಕು ಪಟ್ಟು ಹೊತ್ತು ಬೇಕು. ನೀಹಾರಿಕೆಗೆ ಅದು ದಂಡ. ಉದ್ದನೆಯ ಬೋಲ್ಟ್ ಹಾಕಿ ಮುಖ್ಯ ಕನ್ನಡಿಯನ್ನು 25-30 ಮಿ.ಮೀ. ಮುಂದೆ ತರುವುದೇ ಮೇಲು. ಆಮೇಲೆ ಐಪೀಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಬೇಕಾಗುತ್ತದೆ.

ಪ್ರಶ್ನೆ: ಇಕ್ವಟೋರಿಯಲ್ ಮೌಂಟ್ ಇದೆ, ಅದರ ಅಕ್ಷವನ್ನು ಧ್ರುವದ ಕಡೆ ನಿಲ್ಲಿಸಬೇಕು. ತೆಂಗಿನ ತೋಟ, ಆಲೆಮನೆ ಹೊಗೆ. ಧ್ರುವನಕ್ಷತ್ರ ಕಾಣುವುದೇ ಇಲ್ಲ.
– ಓದುಗರು, ಮಂಡ್ಯ

ಉತ್ತರ: ನಮ್ಮಲ್ಲಿ ಅದರ ಎತ್ತರ ಹನ್ನೆರಡೂವರೆ ಡಿಗ್ರಿ ಅಷ್ಟೆ. ನಕ್ಷತ್ರ ಜಾರುವ ದಿಕ್ಕು ನೋಡಿ ಅಕ್ಷ ಸರಿಪಡಿಸುವ ಡ್ರಿಫ್ಟ್ ವಿಧಾನ ಹಿಡಿಯಿರಿ. ದಕ್ಷಿಣೋತ್ತರ ರೇಖೆಯ ಬಳಿ, ಖಗೋಳ ವಿಷುವದ್ ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ವೃತ್ತ) ಹತ್ತಿರದ ನಕ್ಷತ್ರವನ್ನು 5 ನಿಮಿಷ ಗಮನಿಸಿ: ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕಾದರೆ ಪಶ್ಚಿಮಕ್ಕೆ. ನಂತರ ಪೂರ್ವದ ನಕ್ಷತ್ರ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಪೂರ್ವದ ನಕ್ಷತ್ರ 20 ಡಿಗ್ರಿಯಾದರೂ ಮೇಲಿರಲಿ, ಇಲ್ಲದಿದ್ದರೆ ಹೊಗೆ ಅದನ್ನೂ ನುಂಗುತ್ತದೆ.